ಮಿಕ್ಸ್, ಬ್ಲೆಂಡ್, ಮರ್ಜ್: ಯಾವ ಪದ ಎಲ್ಲಿಗೆ ಸರಿ?

ಚಿಕೋರಿ ಬೆರೆತ ಕಾಫಿಪುಡಿಯ ಪ್ಯಾಕೆಟ್ ತಿರುಗಿಸಿ ನೋಡಿ. 'ಕಾಫಿ ಬ್ಲೆಂಡೆಡ್ ವಿತ್ ಚಿಕೋರಿ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಅದರ ಕೆಳಗೆ 'ದಿಸ್ ಮಿಕ್ಶ್ಚರ್ ಕಂಟೇನ್ಸ್' ಎಂದು ಶುರುವಾಗಿ, ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅನ್ನುವ ಲೆಕ್ಕ ಇರುತ್ತದೆ. ನಿಯಮದ ಪ್ರಕಾರ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರುವಂತಿಲ್ಲ. ಪುಡಿ ಒಂದೇ, ಪದ ಮಾತ್ರ ಎರಡು. ರುಚಿ ನೋಡಿ ಹದವಾಗಿ ಬೆರೆಸಿದ್ದಾರೆ ಅನ್ನಲು ಬ್ಲೆಂಡ್. ಒಳಗೆ ಏನೇನು ಎಷ್ಟೆಷ್ಟಿದೆ ಅಂತ ಲೆಕ್ಕ ಒಪ್ಪಿಸುವಾಗ ಮಿಕ್ಶ್ಚರ್.

ನಾವು ಇಂಗ್ಲಿಷ್ ಬರೆಯುವಾಗ ಇಷ್ಟು ಯೋಚನೆ ಮಾಡುವುದಿಲ್ಲ. ಎಲ್ಲದಕ್ಕೂ 'ಮಿಕ್ಸ್' ಹಾಕಿ ಮುಂದೆ ಹೋಗುತ್ತೇವೆ. ಕನ್ನಡದಲ್ಲಾದರೆ ಹಾಗೆ ಮಾಡುತ್ತೇವಾ? ದೋಸೆ ಹಿಟ್ಟು ಕಲಸುತ್ತೇವೆ. ಹಾಲಿಗೆ ನೀರು ಬೆರೆಸುತ್ತೇವೆ. ಚಪಾತಿ ಹಿಟ್ಟು ನಾದುತ್ತೇವೆ. ಮೊಸರು ಕಡೆಯುತ್ತೇವೆ. ಕಬ್ಬಿಣ ಬೆಸೆಯುತ್ತೇವೆ. ಮಾವಿಗೆ ಕಸಿ ಕಟ್ಟುತ್ತೇವೆ. ಈ ಪದಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮನೆಯ ಮಗುವೂ ತಿದ್ದುತ್ತದೆ. ಅಂದರೆ ವ್ಯತ್ಯಾಸ ಗುರುತಿಸುವ ಶಕ್ತಿ ನಮ್ಮಲ್ಲಿ ಆಗಲೇ ಇದೆ. ಅದನ್ನು ಇಂಗ್ಲಿಷಿಗೂ ಒಯ್ಯಬೇಕು, ಅಷ್ಟೇ. ಪದಪಟ್ಟಿ ಉರು ಹೊಡೆಯುವುದರಿಂದ ಇದು ಬರುವುದಿಲ್ಲ. ವಸ್ತುಗಳಿಗೆ ನಿಜವಾಗಿ ಏನಾಯಿತು ಅಂತ ನೋಡಿದರೆ ಪದ ತಾನಾಗಿ ಸಿಗುತ್ತದೆ. ಹೇಗೆ ನೋಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಸೇರಿದ ಮೇಲೆ ಏನು ಉಳಿಯಿತು ಎಂದು ಕೇಳಿಕೊಳ್ಳಿ

ಸೇರಿದ ವಸ್ತುಗಳು ಈಗಲೂ ಬೇರೆಬೇರೆಯಾಗಿ ಕಾಣುತ್ತಿವೆಯೇ? ಬೇಕೆಂದರೆ ಮತ್ತೆ ಬಿಡಿಸಬಹುದೇ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

'ಮಿಕ್ಸ್' ತುಂಬ ಸಡಿಲವಾದ ಪದ. ಅವಲಕ್ಕಿಗೆ ಕಡಲೆಬೀಜ, ಹುರಿಗಡಲೆ ಸೇರಿಸಿದರೂ ಮಿಕ್ಸ್, ಎರಡು ಬಣ್ಣ ಕಲಸಿದರೂ ಮಿಕ್ಸ್. ಕಾಣುತ್ತದೋ ಇಲ್ಲವೋ, ಬಿಡಿಸಬಹುದೋ ಇಲ್ಲವೋ ಅಂತ ಅದು ಹೇಳುವುದೇ ಇಲ್ಲ. ಹಾಗಾಗಿ ತಪ್ಪಾಗುವುದು ಕಡಿಮೆ. ಆದರೆ ಅದರಿಂದ ತಿಳಿಯುವುದೂ ಕಡಿಮೆ.

'ಕಂಬೈನ್' ಅಂದರೆ ಒಂದು ಉದ್ದೇಶಕ್ಕೆ ಒಟ್ಟುಗೂಡಿಸುವುದು. ವಸ್ತುಗಳು ಒಂದಕ್ಕೊಂದು ತಾಗಲೇಬೇಕು ಅಂತಿಲ್ಲ. ಎ ಸೆಕ್ಷನ್, ಬಿ ಸೆಕ್ಷನ್ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡಿದರೆ ಅದು 'ಕಂಬೈನ್ಡ್ ಕ್ಲಾಸ್'. 'ಮಿಕ್ಸ್ಡ್ ಕ್ಲಾಸ್' ಅಂದರೆ ಬೇರೆಯೇ ಅರ್ಥ. ಹುಡುಗ ಹುಡುಗಿಯರು, ಅಥವಾ ಬೇರೆಬೇರೆ ವಯಸ್ಸಿನ, ಮಟ್ಟದ ಮಕ್ಕಳು ಒಂದೇ ತರಗತಿಯಲ್ಲಿರುವುದು. ಆಫೀಸಿನ ವರದಿ, ಲೆಕ್ಕ, ಯೋಜನೆ ಇಂಥವುಗಳ ವಿಷಯ ಬಂದಾಗ ಮಿಕ್ಸ್ ಬಿಟ್ಟು ಕಂಬೈನ್ ಬರೆಯಿರಿ. ವಾಕ್ಯ ತಕ್ಷಣ ನೇರವಾಗುತ್ತದೆ.

'ಬ್ಲೆಂಡ್' ಮಾಡಿದಾಗ ನಡುವಿನ ಗೆರೆ ಅಳಿಸಿಹೋಗುತ್ತದೆ. ಪ್ರಮಾಣ ನೋಡಿ, ಹದ ತಿಳಿದು ಮಾಡಿದ ಕೆಲಸ ಅನ್ನುವ ಅರ್ಥವೂ ಅದರಲ್ಲಿದೆ. ಟೀಪುಡಿ, ಕಾಫಿಪುಡಿ, ಹತ್ತಿ ಮತ್ತು ಪಾಲಿಯೆಸ್ಟರ್ ಸೇರಿದ ಬಟ್ಟೆ, ಅಡುಗೆ ಎಣ್ಣೆ, ಎಲ್ಲಕ್ಕೂ ಇದೇ ಪದ. ಎರಡು ಎಣ್ಣೆ ಸೇರಿಸಿ ಮಾರುವ ಡಬ್ಬದ ಮೇಲೆ 'ಬ್ಲೆಂಡೆಡ್ ಎಡಿಬಲ್ ವೆಜಿಟೆಬಲ್ ಆಯಿಲ್' ಎಂದಿರುತ್ತದೆ. ಅದರಲ್ಲಿ ಯಾವ ಎಣ್ಣೆಯೂ 20 ಪರ್ಸೆಂಟಿಗಿಂತ ಕಡಿಮೆ ಇರಬಾರದು ಅನ್ನುವುದು ಆಹಾರ ನಿಯಮ. ಪೆಟ್ರೋಲ್ ಬಂಕಿನಲ್ಲಿ ಕಾಣುವ ಇ20 ಕೂಡ ಇಂಥದ್ದೇ. 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಸರ್ಕಾರಿ ಕಾಗದದಲ್ಲಿ ಅದರ ಹೆಸರು 'ಎಥನಾಲ್ ಬ್ಲೆಂಡೆಡ್ ಪೆಟ್ರೋಲ್'.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅದೇ ಪೆಟ್ರೋಲಿಗೆ ಯಾರೋ ಕದ್ದು ಸೀಮೆಎಣ್ಣೆ ಬೆರೆಸಿದರೆ ಅದು ಬ್ಲೆಂಡ್ ಅಲ್ಲ, 'ಅಡಲ್ಟರೇಟ್'. ಕಲಬೆರಕೆ. ಹಾಲಿಗೆ ನೀರು, ಖಾರದಪುಡಿಗೆ ಇಟ್ಟಿಗೆಪುಡಿ, ಎಲ್ಲಕ್ಕೂ ಅಡಲ್ಟರೇಶನ್. ದೂರು ಬರೆಯುವಾಗ 'ವಾಟರ್ ಈಸ್ ಮಿಕ್ಸ್ಡ್' ಎಂದು ಬರೆದರೆ ನೀರು ಇದೆ ಅಂತ ಮಾತ್ರ ತಿಳಿಯುತ್ತದೆ. 'ದ ಮಿಲ್ಕ್ ಈಸ್ ಅಡಲ್ಟರೇಟೆಡ್ ವಿತ್ ವಾಟರ್' ಎಂದು ಬರೆದರೆ ಮೋಸ ನಡೆದಿದೆ ಅನ್ನುವ ಆರೋಪವೂ ಅದರಲ್ಲಿ ಸೇರುತ್ತದೆ. ಗ್ರಾಹಕರು ದೂರು ಕೊಡುವಾಗ ಈ ಒಂದು ಪದದಿಂದ ಪತ್ರದ ತೂಕವೇ ಬದಲಾಗುತ್ತದೆ.

'ಫ್ಯೂಸ್' ಅಂದರೆ ಬಿಡಿಸಲಾಗದಂತೆ ಬೆಸೆದುಹೋಗುವುದು. ಕಾಯಿಸಿದ ಲೋಹ, ಕೂಡಿಕೊಂಡ ಮೂಳೆ, ಪರಮಾಣುವಿನ ಬೀಜ. ಸೂರ್ಯನಲ್ಲಿ ನಡೆಯುವುದು ಫ್ಯೂಶನ್, ಹೈಡ್ರೋಜನ್ ಬೀಜಗಳು ಸೇರಿ ಹೀಲಿಯಂ ಆಗುತ್ತದೆ. ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧವಾದ ಫಿಶನ್, ಬೀಜ ಒಡೆಯುವ ಕ್ರಿಯೆ. ಒಂದಕ್ಷರ ಅತ್ತಿತ್ತ ಆದರೆ ಅರ್ಥ ಉಲ್ಟಾ. ಮಕ್ಕಳಿಗೆ ಹೇಳಿಕೊಡುವಾಗ ಇದನ್ನು ಸ್ವಲ್ಪ ಜಾಸ್ತಿ ಒತ್ತಿ ಹೇಳಿ.

ಹೆಜ್ಜೆ 2: ಅಡುಗೆ ಬರೆಯುವಾಗ ಕೈ ಹೇಗೆ ಆಡುತ್ತದೆ ಎಂದು ನೋಡಿ

ಯೂಟ್ಯೂಬಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಇಂಗ್ಲಿಷ್ ವಿವರಣೆ ಹಾಕುವ ಕನ್ನಡದ ಅಡುಗೆಯವರು ಈಗ ತುಂಬ ಜನ ಇದ್ದಾರೆ. ಅಡುಗೆ ಚೆನ್ನಾಗಿರುತ್ತದೆ. ವಿವರಣೆಯಲ್ಲಿ ಮಾತ್ರ 'ಮಿಕ್ಸ್ ವೆಲ್' ಅನ್ನುವುದು ಮತ್ತೆ ಮತ್ತೆ ಬರುತ್ತದೆ. ಪರ ಊರಿನವರು ಓದಿ ಮಾಡಿದರೆ ಚಿತ್ರಾನ್ನ ಮುದ್ದೆಯಾಗುತ್ತದೆ. ಯಾಕಂದರೆ ಅನ್ನದ ಅಗುಳು ಮುರಿಯದಂತೆ ಮೆಲ್ಲಗೆ ತಿರುವಬೇಕು ಅನ್ನುವುದು ಆ ಪದದಲ್ಲಿ ಇಲ್ಲ.

ಅಡುಗೆಮನೆಯ ಇಂಗ್ಲಿಷ್ ಕ್ರಿಯಾಪದಗಳು ಕೈಯ ಚಲನೆಯನ್ನು ಹಿಡಿದು ಹುಟ್ಟಿದವು. ಸೌಟಿನಿಂದ ಸುತ್ತ ತಿರುವಿದರೆ 'ಸ್ಟರ್'. ಪಾಯಸ ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು ಅನ್ನಲು 'ಕೀಪ್ ಸ್ಟರಿಂಗ್'. ಗಾಳಿ ಸೇರಿ ನೊರೆ ಬರುವ ಹಾಗೆ ಬೇಗ ಬೇಗ ಆಡಿಸಿದರೆ 'ವಿಸ್ಕ್'. ಮೊಟ್ಟೆಯನ್ನು ಜೋರಾಗಿ ಗೊಟಾಯಿಸಿದರೆ 'ಬೀಟ್'. ಬೆಣ್ಣೆ ತೆಗೆಯಲು ಮೊಸರು ಕಡೆಯುವುದು 'ಚರ್ನ್'. ಕೋಸಂಬರಿಗೆ ಉಪ್ಪು, ನಿಂಬೆರಸ ಹಾಕಿ ಪಾತ್ರೆಯಲ್ಲೇ ಎತ್ತಿ ಕುಲುಕುವುದು 'ಟಾಸ್'. ಚಪಾತಿ ಹಿಟ್ಟು ನಾದುವುದು 'ನೀಡ್'. ಇದರ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲು ಕೆ ಅಕ್ಷರ ಇದೆ, ಉಚ್ಚಾರದಲ್ಲಿ ಇಲ್ಲ. ಬೇಕು ಅನ್ನುವ ಅರ್ಥದ 'ನೀಡ್' ಬೇರೆ, ಬರೆಯುವಾಗ ನೋಡಿಕೊಳ್ಳಿ.

'ಫೋಲ್ಡ್' ಅನ್ನುವ ಪದವನ್ನು ನಮ್ಮವರು ಬಳಸುವುದು ತೀರಾ ಕಡಿಮೆ. ಕೇಕಿನ ಹಿಟ್ಟಿನಲ್ಲಿ ಗಾಳಿ ಹೋಗಬಾರದು ಅಂತ ಕೆಳಗಿನಿಂದ ಮೇಲಕ್ಕೆ ಮಡಚಿದ ಹಾಗೆ ಮೆಲ್ಲಗೆ ಬೆರೆಸುವ ಕ್ರಮ ಅದು. ಚಿತ್ರಾನ್ನಕ್ಕೂ ಪುಳಿಯೋಗರೆಗೂ ಈ ಪದ ಚೆನ್ನಾಗಿ ಒಪ್ಪುತ್ತದೆ. 'ಜೆಂಟ್ಲಿ ಫೋಲ್ಡ್ ದ ಗೊಜ್ಜು ಇಂಟು ದ ಕೂಲ್ಡ್ ರೈಸ್' ಎಂದರೆ ಓದಿದವರಿಗೆ ಅನ್ನ ಆರಿರಬೇಕು, ಕೈ ಹಗುರ ಇರಬೇಕು ಅಂತ ಎರಡೂ ತಿಳಿಯುತ್ತದೆ. ರಾಗಿ ಮುದ್ದೆಗೆ ಇದು ಆಗಲ್ಲ. ಅಲ್ಲಿ ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. 'ಸ್ಟರ್ ವಿಗರಸ್ಲಿ ಟಿಲ್ ದೇರ್ ಆರ್ ನೋ ಲಂಪ್ಸ್' ಎಂದು ಬಿಡಿಸಿಯೇ ಬರೆಯಿರಿ. ಒಂದೇ ಪದಕ್ಕಾಗಿ ಹುಡುಕಾಡಬೇಡಿ.

ಮಿಕ್ಸಿಯ ಮಾತನ್ನೂ ಹೇಳಿಬಿಡುತ್ತೇನೆ. 'ಮಿಕ್ಸಿ' ನಮ್ಮ ದೇಶದ ಇಂಗ್ಲಿಷ್. ಅಮೆರಿಕದಲ್ಲಿ 'ಮಿಕ್ಸರ್' ಅಂದರೆ ಕೇಕಿನ ಹಿಟ್ಟು ಕಲಸುವ ಯಂತ್ರ ಅಂದುಕೊಳ್ಳುತ್ತಾರೆ. ಅವರ 'ಬ್ಲೆಂಡರ್' ನಮ್ಮ ಮಿಕ್ಸಿಗೆ ಹತ್ತಿರ. ಆದರೆ ಚಟ್ನಿಗೆ 'ಬ್ಲೆಂಡ್' ಎಂದಷ್ಟೇ ಬರೆದರೆ ಸಾಲದು. ನಾವು ರುಬ್ಬುತ್ತೇವೆ. 'ಗ್ರೈಂಡ್ ಟು ಎ ಕೋರ್ಸ್ ಪೇಸ್ಟ್' ಎಂದರೆ ತರಿತರಿ, 'ಫೈನ್ ಪೇಸ್ಟ್' ಎಂದರೆ ನುಣ್ಣಗೆ.

ಹೆಜ್ಜೆ 3: ಕರಗಿತೋ, ತೆಳ್ಳಗಾಯಿತೋ, ಬೇರೆ ವಸ್ತುವೇ ಆಯಿತೋ?

ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಇಂಗ್ಲಿಷಿನಲ್ಲಿ ಬಿಸಿಗೆ ಕರಗುವುದು 'ಮೆಲ್ಟ್', ನೀರಿನಲ್ಲಿ ಕರಗುವುದು 'ಡಿಸಾಲ್ವ್'. ಬೆಣ್ಣೆ ಮೆಲ್ಟ್ ಆಗುತ್ತದೆ, ಸಕ್ಕರೆ ಹಾಲಿನಲ್ಲಿ ಡಿಸಾಲ್ವ್ ಆಗುತ್ತದೆ. ಭೇದಿ ಆದಾಗ ಮನೆಯಲ್ಲೇ ಮಾಡುವ ಓಆರ್‌ಎಸ್ ನೀರಿಗೆ 1 ಲೀಟರ್ ಶುದ್ಧ ನೀರು, 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನು ಇಂಗ್ಲಿಷಿನಲ್ಲಿ ಯಾರಿಗಾದರೂ ಕಳಿಸುವಾಗ 'ಸ್ಟರ್ ಅಂಟಿಲ್ ದ ಶುಗರ್ ಅಂಡ್ ಸಾಲ್ಟ್ ಡಿಸಾಲ್ವ್' ಎಂದು ಬರೆಯಿರಿ. 'ಮಿಕ್ಸ್' ಅಂತಷ್ಟೇ ಇದ್ದರೆ ತಳದಲ್ಲಿ ಸಕ್ಕರೆ ಉಳಿದರೂ ಆಯಿತು ಅಂದುಕೊಳ್ಳಬಹುದು.

ನೀರು ಸೇರಿಸಿ ತೆಳು ಮಾಡುವುದು 'ಡೈಲ್ಯೂಟ್'. ಫಿನಾಯಿಲ್, ಕೀಟನಾಶಕ, ಹಣ್ಣಿನ ಸ್ಕ್ವಾಶ್, ಇವಕ್ಕೆಲ್ಲ ಇದು. ಔಷಧಿ ಹೊಡೆಯುವ ರೈತರು ಡಬ್ಬದ ಮೇಲಿನ ಈ ಪದ ಗುರುತು ಹಿಡಿದರೆ ಒಳ್ಳೆಯದು. ನೀರು ಸೇರಿಸದೆ ಬಳಸಬಾರದು ಅಂತಲೇ ಅದರ ಅರ್ಥ.

ಸೇರಿದ ಮೇಲೆ ಹೊಸ ವಸ್ತುವೇ ಹುಟ್ಟಿದರೆ 'ಕಾಂಪೌಂಡ್'. ಗಾಳಿ ಮಿಕ್ಶ್ಚರ್, ಸುಮಾರು 78 ಪರ್ಸೆಂಟ್ ನೈಟ್ರೋಜನ್, 21 ಪರ್ಸೆಂಟ್ ಆಕ್ಸಿಜನ್. ಎರಡೂ ತಮ್ಮ ಗುಣ ಬಿಟ್ಟಿಲ್ಲ. ನೀರು ಕಾಂಪೌಂಡ್. ಉರಿಯುವ ಹೈಡ್ರೋಜನ್, ಉರಿಸುವ ಆಕ್ಸಿಜನ್ ಸೇರಿ ಬೆಂಕಿ ಆರಿಸುವ ನೀರಾಗಿದೆ. ಲೋಹಗಳನ್ನು ಕಾಯಿಸಿ ಸೇರಿಸಿದರೆ 'ಅಲಾಯ್'. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಬೀದರಿನ ಬಿದ್ರಿ ಪಾತ್ರೆಯೂ ಅಲಾಯ್. ಹೆಚ್ಚು ಸತು, ಸ್ವಲ್ಪ ತಾಮ್ರ. ಆದರೆ ಅದರ ಮೇಲಿನ ಬೆಳ್ಳಿಯ ಚಿತ್ತಾರ ಆ ಲೋಹದೊಳಗೆ ಬೆರೆತಿಲ್ಲ. ಕೊರೆದ ಗೆರೆಯಲ್ಲಿ ಕೂರಿಸಿದ್ದಾರೆ. ಅದಕ್ಕೆ 'ಇನ್‌ಲೇ'. ಬಿದ್ರಿ ಬಗ್ಗೆ ಬರೆಯುವವರು 'ಸಿಲ್ವರ್ ಮಿಕ್ಸ್ಡ್ ವಿತ್ ಝಿಂಕ್' ಎಂದು ಬರೆದರೆ ಆ ಕುಶಲಿಯ ಕೈಕೆಲಸವನ್ನೇ ಅಳಿಸಿದ ಹಾಗೆ ಆಗುತ್ತದೆ. ಒಂದೇ ಪಾತ್ರೆಯಲ್ಲಿ ಅಲಾಯ್, ಇನ್‌ಲೇ ಎರಡೂ ಇವೆ.

ಹೆಜ್ಜೆ 4: ಯಾರ ಹೆಸರು ಉಳಿಯಿತು?

ಸಂಸ್ಥೆ, ಊರು, ರಾಜ್ಯಗಳ ವಿಷಯಕ್ಕೆ ಬಂದಾಗ ಕೇಳಬೇಕಾದದ್ದು ಇದು. ಕರಾವಳಿಯ ಬ್ಯಾಂಕುಗಳನ್ನೇ ನೋಡಿ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. ಅದಕ್ಕೂ ಒಂದು ವರ್ಷ ಮೊದಲು ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಆಯಿತು. ಪತ್ರಿಕೆಗಳು ಇದನ್ನೆಲ್ಲ 'ಮರ್ಜರ್' ಎಂದು ಬರೆದವು. 2019, 2020ರ ಸರ್ಕಾರಿ ಯೋಜನೆಗಳ ಹೆಸರಿನಲ್ಲಿದ್ದದ್ದು 'ಅಮಾಲ್ಗಮೇಶನ್'. ಎರಡೂ ಸರಿ. ದಿನದ ಬರಹಕ್ಕೆ ಮರ್ಜರ್, ಕಾನೂನು ಮತ್ತು ಲೆಕ್ಕಪತ್ರದ ಭಾಷೆಗೆ ಅಮಾಲ್ಗಮೇಶನ್.

ಇಲ್ಲಿ ಪದಕ್ಕಿಂತ ಅದರ ಪಕ್ಕದ ಪುಟ್ಟ ಪದವೇ ಮುಖ್ಯ. 'ಮರ್ಜ್ಡ್ ವಿತ್' ಎಂದರೆ ಎರಡೂ ಸೇರಿದವು ಅಂತ ಮಾತ್ರ. 'ಮರ್ಜ್ಡ್ ಇಂಟು' ಎಂದರೆ ಒಂದು ಇನ್ನೊಂದರೊಳಗೆ ಹೋಗಿ ಮರೆಯಾಯಿತು. 'ಇಂಟು' ಆದಮೇಲೆ ಯಾವ ಹೆಸರು ಬರುತ್ತದೋ ಅದು ಉಳಿಯುತ್ತದೆ. ವಿಸ್ತಾರ ವಿಮಾನ ಸಂಸ್ಥೆ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಹೋದದ್ದನ್ನು 'ಮರ್ಜ್ಡ್ ಇಂಟು ಏರ್ ಇಂಡಿಯಾ' ಎಂದರೆ ನಿಖರ. ಕೊಂಡುಕೊಂಡು ಹೆಸರು ಹಾಗೇ ಬಿಟ್ಟರೆ ಅದು ಮರ್ಜರ್ ಅಲ್ಲ, 'ಅಕ್ವಿಸಿಶನ್'. ವ್ಯಾಪಾರದ ಸುದ್ದಿ ಬರೆಯುವವರು ಇವೆರಡನ್ನು ಬೇರೆಯಾಗಿಯೇ ಇಡಬೇಕು. ಷೇರು ಇಟ್ಟುಕೊಂಡವರಿಗೆ ಪರಿಣಾಮ ಬೇರೆ ಬೇರೆ.

ಊರುಗಳೂ ಹೀಗೆಯೇ. 2007ರಲ್ಲಿ ಬೆಂಗಳೂರಿನ ಪಾಲಿಕೆಗೆ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಆ ಹಳ್ಳಿಗಳಿಗೆ 'ಮರ್ಜ್ಡ್' ಎಂದೂ ಬರೆಯಬಹುದು, ದೊಡ್ಡದು ಚಿಕ್ಕದನ್ನು ಒಳಗೆ ಎಳೆದುಕೊಂಡಿತು ಎಂದು ಹೇಳಬೇಕಾದರೆ 'ಅಬ್ಸಾರ್ಬ್ಡ್' ಎಂದೂ ಬರೆಯಬಹುದು. ಹುಬ್ಬಳ್ಳಿ-ಧಾರವಾಡಕ್ಕೆ ಅದು ಒಪ್ಪುವುದಿಲ್ಲ. 1962ರಲ್ಲಿ ಎರಡಕ್ಕೂ ಒಂದೇ ಪಾಲಿಕೆ ಬಂತು, ಹೆಸರು ಎರಡೂ ಉಳಿದವು. 'ಟ್ವಿನ್ ಸಿಟೀಸ್' ಎಂದು ಬರೆದರೆ ಧಾರವಾಡದವರಿಗೂ ಸಮಾಧಾನ, ಹುಬ್ಬಳ್ಳಿಯವರಿಗೂ ಸಮಾಧಾನ.

ನಮ್ಮ ಏಕೀಕರಣಕ್ಕೆ ಯಾವ ಪದ? 'ಯೂನಿಫಿಕೇಶನ್'. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದರಾಸು, ಕೊಡಗಿನ ಕಡೆ ಹಂಚಿಹೋಗಿದ್ದ ಕನ್ನಡದ ಸೀಮೆಗಳು ಮೈಸೂರಿನ ಜೊತೆ ಒಂದಾದವು. ಇದನ್ನು 'ಮರ್ಜರ್' ಎಂದು ಬರೆಯುವುದು ನನಗೆ ಸರಿಕಾಣುವುದಿಲ್ಲ. ಮರ್ಜರ್ ಅನ್ನುವುದು ಆಡಳಿತದ, ವ್ಯವಹಾರದ ಮಾತು. ಯೂನಿಫಿಕೇಶನ್‌ನಲ್ಲಿ ಒಂದೇ ಜನ, ಒಂದೇ ನುಡಿ ಒಟ್ಟಾಗಲಿ ಅನ್ನುವ ಹಂಬಲ ಇದೆ. ಹೋರಾಟ ಮಾಡಿದವರು ಬಯಸಿದ್ದು ಅದನ್ನೇ. ಇನ್ನು ಸ್ವಾತಂತ್ರ್ಯ ಬಂದಾಗ ರಾಜರ ಸಂಸ್ಥಾನಗಳು ಭಾರತಕ್ಕೆ ಸೇರಿದ ಕಥೆಗೆ 'ಇಂಟಿಗ್ರೇಶನ್' ಅನ್ನುತ್ತಾರೆ, ರಾಜರು ಸಹಿ ಹಾಕಿದ ಪತ್ರದಲ್ಲಿರುವುದು 'ಆಕ್ಸೆಶನ್'. ಒಡೆದುಹೋಗಿದ್ದು ಮತ್ತೆ ಸೇರಿದರೆ 'ರೀಯೂನಿಫಿಕೇಶನ್', 1990ರಲ್ಲಿ ಜರ್ಮನಿಗೆ ಆದ ಹಾಗೆ.

ನದಿಗಳಿಗೆ ಇದ್ಯಾವುದೂ ಬೇಡ. 'ಜಾಯಿನ್', 'ಮೀಟ್' ಸಾಕು. ಕೂಡ್ಲಿಯಲ್ಲಿ ತುಂಗಾ, ಭದ್ರಾ ಜಾಯಿನ್ ಆಗಿ ತುಂಗಭದ್ರಾ ಆಗುತ್ತದೆ. ಸೇರುವ ಜಾಗಕ್ಕೆ 'ಕಾನ್‌ಫ್ಲುಯೆನ್ಸ್'. ಕೂಡಲಸಂಗಮದ ಬಗ್ಗೆ ಬರೆಯುವಾಗ 'ಕೃಷ್ಣಾ ಮಿಕ್ಸಸ್ ವಿತ್ ಮಲಪ್ರಭಾ' ಎಂದು ಬರೆಯಬೇಡಿ. ಅದು ನೀರಿನ ಪರೀಕ್ಷೆಯ ವರದಿಯ ಧಾಟಿ.

ಹೆಜ್ಜೆ 5: ಬೆರೆಯದೆ ಸೇರಿದರೆ

ಎಷ್ಟೋ ವಸ್ತುಗಳು ಸೇರುತ್ತವೆ, ಬೆರೆಯುವುದಿಲ್ಲ. ಇಳಕಲ್ ಸೀರೆಯ ಮೈಯ ನೂಲನ್ನೂ ಸೆರಗಿನ ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಇಲ್ಲಿ 'ಜಾಯಿನ್' ಅಥವಾ 'ಇಂಟರ್‌ಲಾಕ್' ಎಂದೇ ಬರೆಯಬೇಕು. 'ಬ್ಲೆಂಡ್' ಎಂದರೆ ಹತ್ತಿಯನ್ನೂ ರೇಷ್ಮೆಯನ್ನೂ ಒಟ್ಟಿಗೆ ಹೊಸೆದು ನೂಲು ತೆಗೆದಿದ್ದಾರೆ ಅನ್ನುವ ತಪ್ಪು ಅರ್ಥ ಬರುತ್ತದೆ. ಸೀರೆ ಮಾರುವವರು ಆನ್‌ಲೈನ್‌ನಲ್ಲಿ 'ಸಿಲ್ಕ್ ಬ್ಲೆಂಡ್' ಎಂದು ಹಾಕುವ ಮೊದಲು ಇದನ್ನು ಯೋಚಿಸಲಿ. ಕೊಳ್ಳುವವರು ಆ ಪದ ನೋಡಿಯೇ ಬೆಲೆ ಲೆಕ್ಕ ಹಾಕುತ್ತಾರೆ.

ಕಬ್ಬಿಣವನ್ನು ಕಾಯಿಸಿ ಬೆಸೆದರೆ 'ವೆಲ್ಡ್'. ಸೀಸ, ತವರದಂಥ ಬೇಗ ಕರಗುವ ಲೋಹದಿಂದ ತಂತಿ ಅಂಟಿಸಿದರೆ 'ಸೋಲ್ಡರ್'. ಹಗ್ಗ, ಕೇಬಲ್‌ಗಳ ತುದಿ ಸೇರಿಸಿದರೆ 'ಸ್ಪ್ಲೈಸ್'. ಗಿಡಕ್ಕೆ ಕಸಿ ಕಟ್ಟಿದರೆ 'ಗ್ರಾಫ್ಟ್'. ಕಸಿಯಲ್ಲಿ ಬೇರು ಒಂದು ಗಿಡದ್ದು, ಮೇಲಿನ ಕೊಂಬೆ ಇನ್ನೊಂದರದ್ದು, ಹಣ್ಣು ಕೊಂಬೆಯ ಜಾತಿಯದ್ದೇ. ಹೂವಿನ ಪರಾಗದಿಂದ ಎರಡು ತಳಿ ಕೂಡಿಸಿ ಹೊಸ ಬೀಜ ಪಡೆದರೆ ಅದು 'ಕ್ರಾಸ್', ಹುಟ್ಟಿದ್ದು 'ಹೈಬ್ರಿಡ್'. 1970ರ ದಶಕದಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಪ್ರಭೇದಗಳ ಹತ್ತಿ ಸೇರಿ ಹುಟ್ಟಿದ ಹೈಬ್ರಿಡ್. ಕಸಿ ಮಾವಿಗೆ ಹೈಬ್ರಿಡ್ ಎಂದು ಬೋರ್ಡ್ ಬರೆಯುವ ನರ್ಸರಿಗಳಿವೆ. ಗ್ರಾಫ್ಟೆಡ್ ಎಂದಿದ್ದರೆ ಸರಿ.

ಹೆಜ್ಜೆ 6: ಜನ, ಸಂಸ್ಕೃತಿ, ವಿಚಾರ

ಮದುವೆಮನೆಯಲ್ಲಿ ಎಲ್ಲರ ಜೊತೆ ಮಾತಾಡಿಕೊಂಡು ಓಡಾಡುವುದು 'ಮಿಂಗಲ್'. ಗುಂಪಿನಲ್ಲಿ ಎದ್ದು ಕಾಣದಂತೆ ಹೊಂದಿಕೊಳ್ಳುವುದು 'ಬ್ಲೆಂಡ್ ಇನ್'. ಇಲ್ಲಿವರೆಗೆ ಸುಲಭ.

'ಇಂಟಿಗ್ರೇಟ್' ಮತ್ತು 'ಅಸಿಮಿಲೇಟ್' ನಡುವೆ ಮಾತ್ರ ದೊಡ್ಡ ಅಂತರ ಇದೆ. ಹೊಸ ಸಮಾಜದ ಭಾಗವಾಗಿ, ತನ್ನತನವನ್ನೂ ಉಳಿಸಿಕೊಂಡರೆ ಇಂಟಿಗ್ರೇಟ್. ತನ್ನ ನುಡಿ, ರೂಢಿ ಬಿಟ್ಟು ಸುತ್ತಲಿನವರಂತೆಯೇ ಆಗಿಬಿಟ್ಟರೆ ಅಸಿಮಿಲೇಟ್. ಬೈಲಕುಪ್ಪೆಯ ಟಿಬೆಟನ್ನರು 1960ರ ದಶಕದಿಂದ ಇಲ್ಲಿದ್ದಾರೆ. ತಮ್ಮ ಭಾಷೆ, ಮಠ, ಹಬ್ಬ ಉಳಿಸಿಕೊಂಡಿದ್ದಾರೆ. ಅವರ ಬಗ್ಗೆ ಅಸಿಮಿಲೇಟೆಡ್ ಎಂದು ಬರೆದರೆ ತಪ್ಪು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸುವ ಅಪ್ಪ ಅಮ್ಮಂದಿರ ಪ್ರಯತ್ನವೂ ಇಂಟಿಗ್ರೇಟ್ ಆಗಲಿ, ಅಸಿಮಿಲೇಟ್ ಆಗದಿರಲಿ ಅನ್ನುವುದೇ ಅಲ್ವಾ? ಶಾಲೆಯ ಅರ್ಜಿಯಲ್ಲೋ ಅನುದಾನದ ಪತ್ರದಲ್ಲೋ ಇದನ್ನು ಬರೆಯಬೇಕಾಗಿ ಬಂದರೆ ಪದ ನೋಡಿ ಆರಿಸಿ.

ವಿಚಾರಗಳನ್ನು ತಪ್ಪಾಗಿ ಬೆರೆಸಿದರೆ ಎರಡು ಪದ. ಅರಿಯದೆ ಅದಲು ಬದಲು ಮಾಡಿಕೊಂಡರೆ 'ಮಿಕ್ಸ್ ಅಪ್'. ಅವಳಿ ಮಕ್ಕಳ ಹೆಸರು, ಎರಡು ಫೈಲು. ಬೇರೆಬೇರೆ ಎರಡು ವಿಷಯಗಳನ್ನು ಒಂದೇ ಎಂಬಂತೆ ವಾದಿಸಿದರೆ 'ಕಾನ್‌ಫ್ಲೇಟ್'. 'ಯೂ ಆರ್ ಮಿಕ್ಸಿಂಗ್ ಟು ಇಶ್ಯೂಸ್' ಅನ್ನುವ ಬದಲು 'ಯೂ ಆರ್ ಕಾನ್‌ಫ್ಲೇಟಿಂಗ್ ಟು ಇಶ್ಯೂಸ್' ಎಂದರೆ ಚರ್ಚೆಯಲ್ಲಿ ಮಾತು ಹರಿತವಾಗುತ್ತದೆ.

ಹೆಜ್ಜೆ 7: ಕಂಪ್ಯೂಟರ್ ಮತ್ತು ಕಚೇರಿ

ಎಕ್ಸೆಲ್‌ನಲ್ಲಿ 'ಮರ್ಜ್' ಒತ್ತಿದರೆ ಮನೆಗಳು, ಅಂದರೆ ಸೆಲ್‌ಗಳು, ಒಂದಾಗುತ್ತವೆ, ಒಳಗಿನ ಮಾಹಿತಿ ಒಂದಾಗುವುದಿಲ್ಲ. ಮೇಲಿನ ಎಡಮೂಲೆಯ ಮನೆಯಲ್ಲಿದ್ದದ್ದು ಮಾತ್ರ ಉಳಿದು, ಉಳಿದದ್ದು ಅಳಿಸಿಹೋಗುತ್ತದೆ. ಹೆಸರು ಒಂದು ಮನೆಯಲ್ಲಿ, ಇನಿಷಿಯಲ್ ಪಕ್ಕದ ಮನೆಯಲ್ಲಿ ಇದ್ದು ಎರಡನ್ನೂ ಕೂಡಿಸಬೇಕಾದರೆ ಬೇಕಾದ ಕೆಲಸ 'ಕನ್‌ಕ್ಯಾಟನೇಟ್', ಕೊಂಡಿಯಂತೆ ಒಂದರ ಹಿಂದೆ ಒಂದು ಸೇರಿಸುವುದು. ಸಾಫ್ಟ್‌ವೇರಿನವರು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಮಾಡುವ ಮರ್ಜ್‌ಗೆ ಬ್ಯಾಂಕಿನ ನಿಯಮವೇ. 'ಇಂಟು' ಆದಮೇಲೆ ಬರುವ ಶಾಖೆಯೊಳಗೆ (ಬ್ರಾಂಚ್) ಬದಲಾವಣೆ ಹೋಗುತ್ತದೆ.

ಚೂರುಚೂರಾಗಿ ಇದ್ದದ್ದನ್ನು ಒಟ್ಟು ಮಾಡಿ ಗಟ್ಟಿ ಮಾಡುವುದು 'ಕನ್ಸಾಲಿಡೇಟ್'. ನಾಲ್ಕು ಸಾಲ ಸೇರಿಸಿ ಒಂದು ಸಾಲ, ಜಿಲ್ಲೆಗಳ ವರದಿ ಸೇರಿಸಿ ಒಂದು ವರದಿ. ಗುತ್ತಿಗೆ ನೌಕರರ 'ಕನ್ಸಾಲಿಡೇಟೆಡ್ ಪೇ' ಅಂದರೆ ಭತ್ಯೆಗಳೆಲ್ಲ ಸೇರಿ ಒಂದೇ ಮೊತ್ತ, ಬೇರೆ ಏನೂ ಇಲ್ಲ. ಸಹಿ ಹಾಕುವ ಮೊದಲು ಈ ಪದ ಗಮನಿಸಿ.

'ಕ್ಲಬ್' ನಮ್ಮ ಕಚೇರಿಗಳ ಪ್ರೀತಿಯ ಪದ. ಎರಡು ಅರ್ಜಿ ಕ್ಲಬ್ ಮಾಡುತ್ತಾರೆ, ರಜೆ ಕ್ಲಬ್ ಮಾಡುತ್ತಾರೆ. ಆದಾಯ ತೆರಿಗೆಯಲ್ಲಿ 'ಕ್ಲಬ್ಬಿಂಗ್ ಆಫ್ ಇನ್‌ಕಮ್' ಇದೆ. ಭಾರತದೊಳಗೆ ಇದು ಪೂರ್ತಿ ಸರಿ, ಬಿಡಬೇಕಾಗಿಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ 'ಕಂಬೈನ್' ಹಾಕಿ. ಅಲ್ಲಿ ಕ್ಲಬ್ ಮಾಡುವುದು ಅಂದರೆ ದೊಣ್ಣೆಯಿಂದ ಹೊಡೆಯುವುದು.

ಹೆಜ್ಜೆ 8: '-ಗೆ' ಬಂದಲ್ಲೆಲ್ಲ 'ಟು' ಹಾಕಬೇಡಿ

ನಮ್ಮ ಇಂಗ್ಲಿಷಿನಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದು. ಹಾಲಿ'ಗೆ' ಸಕ್ಕರೆ ಬೆರೆಸು ಅನ್ನುತ್ತೇವೆ. ಅದೇ ಗುಂಗಿನಲ್ಲಿ 'ಮಿಕ್ಸ್ ಶುಗರ್ ಟು ಮಿಲ್ಕ್' ಬರುತ್ತದೆ. 'ಟು' ಹಿಡಿಸುವುದು 'ಆಡ್'ಗೆ. 'ಆಡ್ ಶುಗರ್ ಟು ಮಿಲ್ಕ್' ಸರಿ. ಮಿಕ್ಸ್ ಆದರೆ 'ವಿತ್' ಅಥವಾ 'ಇಂಟು'. ಇದೇ ರೀತಿ:

- ಬ್ಲೆಂಡ್, ಕಂಬೈನ್, ಯುನೈಟ್, ಅಮಾಲ್ಗಮೇಟ್ ಪಕ್ಕದಲ್ಲಿ ಸಾಮಾನ್ಯವಾಗಿ 'ವಿತ್'.
- ಡಿಸಾಲ್ವ್ ಆದರೆ 'ಇನ್', ಡೈಲ್ಯೂಟ್ ಆದರೆ 'ವಿತ್'.
- ಇಂಟಿಗ್ರೇಟ್ ಆದರೆ ದೊಡ್ಡದರೊಳಗೆ ಹೋಗುವಾಗ 'ಇಂಟು', ಸರಿಸಮಾನವಾಗಿ ಕೂಡುವಾಗ 'ವಿತ್'.
- ಅಟ್ಯಾಚ್, ಕನೆಕ್ಟ್ ಆದರೆ 'ಟು' ಇರಲಿ.

'ಜಾಯಿನ್' ವಿಷಯ ಬೇರೆ. ಕಂಪನಿ'ಗೆ' ಸೇರಿದೆ ಅನ್ನಲು 'ಐ ಜಾಯಿನ್ಡ್ ದ ಕಂಪನಿ' ಸಾಕು. 'ಜಾಯಿನ್ಡ್ ಟು ದ ಕಂಪನಿ' ಎಂದು ರೆಸ್ಯೂಮೆಯಲ್ಲಿ ಇದ್ದರೆ ಈಗಲೇ ತೆಗೆಯಿರಿ. ಎರಡು ಪೈಪು ಸೇರಿಸುವಾಗ ಮಾತ್ರ ಜಾಯಿನ್ ಪಕ್ಕದಲ್ಲಿ 'ಟು' ಬರುತ್ತದೆ. 'ಟುಗೆದರ್' ಬಗ್ಗೆಯೂ ಒಂದು ಮಾತು. 'ಮಿಕ್ಸ್ ಟುಗೆದರ್' ಪರವಾಗಿಲ್ಲ, ಎಲ್ಲರೂ ಬಳಸುತ್ತಾರೆ. 'ಕಂಬೈನ್ ಟುಗೆದರ್', 'ಮರ್ಜ್ ಟುಗೆದರ್' ಸುಮ್ನೆ ಉದ್ದ. ಒಂದಾಗುವುದು ಆ ಕ್ರಿಯಾಪದದಲ್ಲೇ ಇದೆ.

ಹೆಜ್ಜೆ 9: ಕೈ ಪಳಗಿಸಿಕೊಳ್ಳಿ

ಕೆಳಗಿನ ವಾಕ್ಯಗಳಿಗೆ ಯಾವ ಕ್ರಿಯಾಪದ ಎಂದು ಮೊದಲು ನೀವೇ ಯೋಚಿಸಿ, ಆಮೇಲೆ ಮುಂದೆ ಓದಿ. ಸರ್ವಿಸ್ ರಸ್ತೆ ಹೆದ್ದಾರಿಗೆ ಸೇರುತ್ತದೆ. ಮಕ್ಕಳು ಕಡಿಮೆ ಇರುವ ಎರಡು ಶಾಲೆಗಳನ್ನು ಸೇರಿಸಿ ಒಂದು ಮಾಡಿದರು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ. ತುಟ್ಟಿಭತ್ಯೆಯನ್ನು ಮೂಲವೇತನಕ್ಕೆ ಸೇರಿಸಿದರು. ಆ ಗಾಯಕರು ಕರ್ನಾಟಕ ಸಂಗೀತವನ್ನೂ ಜಾಝ್ ಸಂಗೀತವನ್ನೂ ಬೆರೆಸುತ್ತಾರೆ. ಜೀರಿಗೆ, ಸಾಸಿವೆ ಒಗ್ಗರಣೆಯನ್ನು ಸಾರಿಗೆ ಸೇರಿಸಿ.

ರಸ್ತೆಗೆ 'ಮರ್ಜಸ್ ಇಂಟು' ಅಥವಾ 'ಜಾಯಿನ್ಸ್'. ಶಾಲೆಗೆ 'ಮರ್ಜ್ಡ್'. ಬೆಲ್ಲಕ್ಕೆ 'ಡಿಸಾಲ್ವ್ ಇನ್'. ಭತ್ಯೆಗೆ 'ಮರ್ಜ್ಡ್ ವಿತ್'. ಸಂಗೀತಕ್ಕೆ ಎರಡು ದಾರಿ. ಎರಡೂ ಪೂರ್ತಿ ಬೆಸೆದು ಹೊಸದೇ ಹುಟ್ಟಿದೆ ಅನ್ನಿಸಿದರೆ 'ಫ್ಯೂಸ್', ಹದವಾಗಿ ಕೂಡಿದೆ ಅನ್ನಿಸಿದರೆ 'ಬ್ಲೆಂಡ್'. ಕೇಳಿ ನೀವೇ ತೀರ್ಮಾನಿಸಿ. ಒಗ್ಗರಣೆಗೆ 'ಆಡ್ ಟು', ಇಲ್ಲವಾದರೆ 'ಪೋರ್ ಓವರ್'. 'ಮಿಕ್ಸ್' ಅಲ್ಲ. ಒಗ್ಗರಣೆ ಹಾಕಿದ ತಕ್ಷಣ ತಿರುವದೆ ಒಂದು ನಿಮಿಷ ಮುಚ್ಚಿಡುವವರು ನೀವಾದರೆ 'ಕವರ್ ಫಾರ್ ಎ ಮಿನಿಟ್ ಬಿಫೋರ್ ಸ್ಟರಿಂಗ್' ಎಂದೂ ಸೇರಿಸಿ.